ನಮ್ಮ ಮನೆಯ ಕಡಲಿಗೆ ಹಾವಸೆ ಕಟ್ಟಿದ ಕಥೆ

ಬಳ್ಳಾರಿಯಿಂದ ಪಶ್ಚಿಮಕ್ಕೆ ಹೊರಟರೂ ಪೂರ್ವಕ್ಕೆ ಹೊರಟರೂ ಕಡಲನ್ನು ಕಾಣಬೇಕಾದರೆ ೩೦೦ ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಬೇಕು. ಹಾಗಿದ್ದರೂ ಕಳೆದ ಒಂದೂವರೆ ವರ್ಷದಿಂದ ನಮ್ಮ ನಡುಮನೆಯಲ್ಲಿ, ಕೋಟೆಗುಡ್ಡ ಕಾಣುವ ಕಿಟಕಿಯ ಪಕ್ಕದಲ್ಲಿ, ೧೦೦ ಲೀಟರಿನ ಒಂದು ಕಡಲು ಬೀಡುಬಿಟ್ಟಿದೆ. ಭಾವಮೈದುನನಿಗೆ ಹೊರದೇಶದಲ್ಲಿ ಉದ್ಯೋಗ ದೊರೆತಾಗ ಆತ ಬೆಂಗಳೂರಿನ ಮನೆಯ ಸಾಮಾನುಗಳನ್ನು ಬಂಧುಗಳಿಗೆ ಹಂಚಿದ. ಒಬ್ಬರಿಗೆ ಮಂಚ ಬಂತು, ಒಬ್ಬರಿಗೆ ಬೀರು ಬಂತು. ನಮ್ಮ ಪಾಲಿಗೆ ಉಪ್ಪುನೀರಿನ ಅಕ್ವೇರಿಯಂ ಬಂತು. ಗಾಜಿನ ತೊಟ್ಟಿ, ಒಂದಷ್ಟು ಬಂಡೆ, ಎರಡು ಕ್ಲೌನ್ ಮೀನು, ಐದು ಬಸವನಹುಳು, ಜೊತೆಗೆ “ಇವನ್ನು ಸಾಯಿಸಬೇಡಿ ಭಾವ” ಎಂಬ ಒಂದೇ ವಾಕ್ಯದ ಉಪದೇಶ.

ಈ ಪುಟದಲ್ಲಿ ಸಾಮಾನ್ಯವಾಗಿ ಪದ, ಪುಸ್ತಕ, ಊರು, ಜನ ಎಂದು ಬರೆಯುವ ನಾನು ಈ ವಾರ ಪಾಚಿಯ ವಿಚಾರಕ್ಕೆ ಇಳಿದಿರುವುದನ್ನು ವಾಚಕರು ಮನ್ನಿಸಬೇಕು. ಕನ್ನಡ ಎಂ.ಎ. ಮಾಡಿದವನಿಗೆ ಸೂಕ್ಷ್ಮದರ್ಶಕದಲ್ಲಿ ಏನು ಕೆಲಸವೆಂದು ಕೇಳಿದರೆ, ಕೆಲಸ ತಾನಾಗಿಯೇ ಬಂದು ಮೈಮೇಲೆ ಬಿತ್ತು ಎನ್ನುವುದಲ್ಲದೆ ಬೇರೆ ಉತ್ತರವಿಲ್ಲ.

ತೊಟ್ಟಿ ಬಂದ ವಾರವೇ ಸಿರುಗುಪ್ಪದಿಂದ ನನ್ನ ಸೋದರಮಾವ ಬಂದರು. ಅವರದು ಕಾಲುವೆ ನೀರಾವರಿಯ ಭತ್ತದ ಗದ್ದೆ. ತಗ್ಗಿನ ಮೂರು ಎಕರೆಯಲ್ಲಿ ನೀರು ನಿಂತು ನಿಂತು ನೆಲ ಚೌಳಾಗಿದೆ. ನಾನು ಅಳತೆ ಪ್ರಕಾರ ಲೀಟರಿಗೆ ೩೫ ಗ್ರಾಮಿನಂತೆ ಕಡಲುಪ್ಪಿನ ಪುಡಿಯನ್ನು ಬಕೀಟಿನಲ್ಲಿ ಕದಡುತ್ತಿರುವುದನ್ನು ಅವರು ಬಹಳ ಹೊತ್ತು ನೋಡಿದರು.

“ಏನೋ ಅಳಿಯ, ಹೊಲದಾಗಿನ ಚೌಳು ತೊಳ್ಯಾಕ ನಾವು ವರ್ಷಗಟ್ಲೆ ಬಡದಾಡಾಕತ್ತೀವಿ. ನೀ ನೋಡಿದ್ರ ರೊಕ್ಕ ಕೊಟ್ಟು ಉಪ್ಪು ತಂದು ಒಳ್ಳೇ ನೀರಿಗೆ ಸುರೀತೀಯಲ್ಲ!”

ಇದು ಅಡಿಗೆಯ ಉಪ್ಪಲ್ಲ, ಇದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದ ಲವಣಗಳೂ ಸೇರಿವೆ ಎಂದು ನಾನು ವಿವರಿಸಹೊರಟೆ. ಅವರು ಕೈಯೆತ್ತಿ ಸುಮ್ಮನಾಗಿಸಿದರು.

ಎರಡನೆಯ ವಾರಕ್ಕೆ ಮರಳಿನ ಮೇಲೆ, ಗಾಜಿನ ಮೇಲೆ ಕಂದುಬಣ್ಣದ ಧೂಳು ಕಟ್ಟಿತು. ಕೈಯಾಡಿಸಿದರೆ ಹಾರಿಹೋಗುತ್ತದೆ, ಸಂಜೆಗೆ ಮತ್ತೆ ಕೂರುತ್ತದೆ. ನಾನು ಗಾಬರಿಗೊಂಡು ಭಾವಮೈದುನನಿಗೆ ದೂರವಾಣಿ ಮಾಡಿದೆ. ಆತ ನಕ್ಕ. ಇದು ಡಯಾಟಂ; ಹೊಸ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಬಾಲಗ್ರಹ. ಈ ಸೂಕ್ಷ್ಮಜೀವಿಗಳು ಸಿಲಿಕಾದಿಂದ, ಎಂದರೆ ಗಾಜಿನ ಜಾತಿಯ ಪದಾರ್ಥದಿಂದ, ತಮ್ಮ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ಹೊಸ ಮರಳಿನಿಂದಲೂ ನಲ್ಲಿಯ ನೀರಿನಿಂದಲೂ ಬಂದ ಸಿಲಿಕಾ ಮುಗಿಯುತ್ತಲೇ ಅವುಗಳ ಸಡಗರವೂ ಮುಗಿಯುತ್ತದೆ. ಗಾಜನ್ನು ಒರೆಸುತ್ತ ಸುಮ್ಮನಿರುವುದೇ ಮದ್ದು. ಹಾಗೆಯೇ ಆಯಿತು. ಸಂಕ್ರಾಂತಿಯ ಹೊತ್ತಿಗೆ ಮರಳು ಬೆಳ್ಳಗಾಯಿತು. ನಾನು ಈ ಶಾಸ್ತ್ರದಲ್ಲಿ ಪಾರಂಗತನಾದೆನೆಂದು ಭಾವಿಸಿದೆ. ಮುಂದಿನ ಅನರ್ಥಕ್ಕೆ ಬೀಜ ಬಿದ್ದದ್ದು ಇಲ್ಲಿಯೇ.

ಕನ್ನಡದಲ್ಲಿ ಪಾಚಿಯೆಂದರೂ ಒಂದೇ, ಹಾವಸೆಯೆಂದರೂ ಒಂದೇ, ಪಠ್ಯಪುಸ್ತಕದವರು ಶೈವಲವೆನ್ನುತ್ತಾರೆ. ಉಪ್ಪುನೀರಿನ ತೊಟ್ಟಿಯಲ್ಲಿ ಈ ಹೆಸರಿಗೆ ಓಗೊಡುವ ಜೀವಿಗಳು ಹತ್ತಾರು. ಅವುಗಳಲ್ಲಿ ಕೆಲವು ಪಾಚಿಯ ಕುಲಕ್ಕೇ ಸೇರಿದವಲ್ಲ. ಪದಗಳ ನಡುವಿನ ಭೇದವನ್ನು ತರಗತಿಯಲ್ಲಿ ತಿದ್ದಿ ತಿದ್ದಿ ಹೇಳುವ ನಾನು ಮನೆಯ ತೊಟ್ಟಿಯೊಳಗಿನದೆಲ್ಲವನ್ನೂ ಒಂದೇ ಹೆಸರಿನಿಂದ ಕರೆದು, ಒಂದೇ ಮದ್ದನ್ನು ಹಾಕಲು ಹೊರಟೆ.

ಶಿವರಾತ್ರಿ ಕಳೆಯಿತು, ಬಳ್ಳಾರಿಯ ಬಿಸಿಲು ಏರಿತು. ತೊಟ್ಟಿಯ ನೀರು ೨೭ ಡಿಗ್ರಿಯೊಳಗಿದ್ದರೆ ಕಡಲಜೀವಿಗಳಿಗೆ ಕ್ಷೇಮ. ಹೊರಗೆ ೪೦ ದಾಟುತ್ತಿತ್ತು. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವ ಉಪಾಯವನ್ನೇ ಅನುಸರಿಸಿ, ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಸಣ್ಣ ಪಂಖ ಇಟ್ಟೆ. ನೀರು ತಣ್ಣಗಾಯಿತು, ಆದರೆ ದಿನಕ್ಕೆ ಎರಡು ಲೀಟರಿನಂತೆ ಆರತೊಡಗಿತು. ಸಾರು ಕುದಿದು ಬತ್ತಿದರೆ ಉಪ್ಪಾಗುವಂತೆ ಇಲ್ಲಿಯೂ ಆರುವುದು ನೀರು ಮಾತ್ರ; ಉಪ್ಪು ಉಳಿಯುತ್ತದೆ. ಆದ್ದರಿಂದ ಮೇಲಿಂದ ತುಂಬಬೇಕಾದದ್ದು ಸಿಹಿನೀರು. ನಾನು ಅಡಿಗೆಮನೆಯ ಶುದ್ಧೀಕರಣ ಯಂತ್ರದ ನೀರನ್ನೇ ತುಂಬಿದೆ. ಕುಡಿಯುವ ನೀರಿಗಿಂತ ಶುದ್ಧವಾದದ್ದು ಯಾವುದುಂಟು?

ತಿಂಗಳೊಪ್ಪತ್ತಿನಲ್ಲಿ ಬಂಡೆಗಳಿಗೆಲ್ಲ ಹಸುರು ಕೂದಲು ಬೆಳೆಯಿತು. ಬೆರಳುದ್ದದ ಎಳೆಗಳು ಅಲೆಗೆ ತೂಗಾಡುತ್ತಿದ್ದವು. ನೋಡಲು ಚೆಲುವೇ, ಆದರೆ ಕೆಳಗಿದ್ದ ಹವಳದ ಮೊಗ್ಗುಗಳು ಉಸಿರುಕಟ್ಟಿ ಮುದುಡಿದವು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಚಿಮಟದಿಂದ ಕಿತ್ತೆ. ಒಂದು ವಾರದಲ್ಲಿ ಮೊದಲಿಗಿಂತ ಸೊಂಪಾಗಿ ಬಂತು.

ಮಾವ ಮತ್ತೊಮ್ಮೆ ಬಂದವರು ನನ್ನ ಕ್ಷೌರಿಕವೃತ್ತಿಯನ್ನು ನೋಡಿದರು. “ಪಾಚಿ ತೆಗೀತೀನಿ, ತೆಗೀತೀನಿ ಅಂತೀಯ. ಅದಕ್ಕ ಕೂಳು ಎಲ್ಲಿಂದ ಬರಾಕತ್ತೈತಿ, ಅದನ್ನ ನೋಡೀಯೇನು?” ಎಂದರು.

ಆ ಪ್ರಶ್ನೆಯ ಜಾಡು ಹಿಡಿದು ಹೋದರೆ ಅದು ತುಂಗಭದ್ರೆಯವರೆಗೆ ಹೋಯಿತು. ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಅಲ್ಲೀಪುರ, ಮೋಕಾಗಳ ಕೆರೆಗಳಿಂದ ಬರುತ್ತದೆ; ಆ ಕೆರೆಗಳು ತುಂಬುವುದು ತುಂಗಭದ್ರಾ ಕಾಲುವೆಗಳಿಂದ. ೧೯೫೩ರಲ್ಲಿ ಈ ಕಾಲುವೆಗಳಿಗೆ ನೀರು ಹರಿದಾಗ ಬರಗಾಲದ ಸೀಮೆ ಭತ್ತದ ಸೀಮೆಯಾಯಿತು. ಈಚಿನ ವರ್ಷಗಳಲ್ಲಿ ಆ ಜಲಾಶಯದ ನೀರೇ ಹಸುರುಗಟ್ಟಿ, ದಂಡೆಯ ಊರುಗಳ ಜನ ಕಳವಳಗೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹೊಲಗದ್ದೆಗಳಿಂದ ಬಸಿದ ಗೊಬ್ಬರ, ಊರುಗಳ ಕೊಳಚೆ ಎರಡೂ ಹೊಳೆಗೆ ಸೇರಿದರೆ ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಹೆಚ್ಚುತ್ತವೆ. ಭತ್ತಕ್ಕೆ ಅನ್ನವಾದದ್ದು ಪಾಚಿಗೂ ಅನ್ನವೇ.

ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಮಿನವರೆಗೆ ನೈಟ್ರೇಟ್ ಇರಬಹುದೆಂದು ನಮ್ಮ ದೇಶದ ಮಾನದಂಡ ಒಪ್ಪುತ್ತದೆ. ಆದರೆ ಹವಳದ ತೊಟ್ಟಿಗೆ ೧೦ ದಾಟಿದರೆ ಚಿಂತೆ, ಫಾಸ್ಫೇಟಂತೂ ೦.೧ ಮಿಲಿಗ್ರಾಮಿನೊಳಗೆ ಇರಬೇಕು. ಮನುಷ್ಯನಿಗೆ ನಿರ್ದೋಷವಾದ ನೀರು ಪಾಚಿಗೆ ಮೃಷ್ಟಾನ್ನವಾಗಬಲ್ಲುದು. ನೀರಿನಲ್ಲಿ ಲೀಟರಿಗೆ ಹತ್ತೇ ಮಿಲಿಗ್ರಾಂ ಇದೆಯೆನ್ನಿ. ದಿನಕ್ಕೆ ಎರಡರಂತೆ ತಿಂಗಳಿಗೆ ೬೦ ಲೀಟರು ತುಂಬಿದರೆ ೬೦೦ ಮಿಲಿಗ್ರಾಂ ಒಳಗೆ ಬಂತು. ನೀರು ಆರುತ್ತದೆ, ನೈಟ್ರೇಟ್ ಆರುವುದಿಲ್ಲ. ನೂರು ಲೀಟರಿನ ತೊಟ್ಟಿಯಲ್ಲಿ ಒಂದೇ ತಿಂಗಳಿಗೆ ಆರು ಅಂಶ ಏರಿತು. ಮೀನಿನ ಊಟದಿಂದ ಬಂದದ್ದು ಇದರ ಮೇಲೆ.

ಆದರೆ ಯಂತ್ರದ ನೀರು ಶುದ್ಧವಲ್ಲವೇ ಎಂದು ನಾನೂ ವಾದಿಸಿದೆ. ನೀರಿನಲ್ಲಿ ಕರಗಿರುವ ಲವಣವನ್ನು ಅಳೆಯುವ, ಲೇಖನಿಯಷ್ಟು ಗಾತ್ರದ ಒಂದು ಮಾಪಕ ಸಿಗುತ್ತದೆ. ಅದನ್ನು ಅದ್ದಿದರೆ ೬೮ ತೋರಿಸಿತು. ಸೊನ್ನೆಯ ಹತ್ತಿರ ಇರಬೇಕಿತ್ತು. ಯಂತ್ರ ರಿಪೇರಿಯ ಹುಡುಗ ಹಿಂಬದಿಯ ಒಂದು ತಿರುಪನ್ನು ತೋರಿಸಿ ಹೇಳಿದ: ತೀರ ಶುದ್ಧ ನೀರಿಗೆ ರುಚಿಯಿಲ್ಲವೆಂದು, ಸೋಸಿದ ನೀರಿಗೆ ಸ್ವಲ್ಪ ಸೋಸದ ನೀರನ್ನು ಈ ತಿರುಪಿನ ಮೂಲಕ ಸೇರಿಸಿಬಿಡುತ್ತಾರಂತೆ! ನಮ್ಮ ಮನೆಯಂಥ ಅನೇಕ ಮನೆಗಳ ಯಂತ್ರದಲ್ಲಿ ಈ ವ್ಯವಸ್ಥೆ ಇರುತ್ತದೆ. ತೊಟ್ಟಿಯಿಟ್ಟ ವಾಚಕರು ಒಮ್ಮೆ ಪರೀಕ್ಷಿಸಿ ನೋಡಬೇಕು. ನಾನು ತೊಟ್ಟಿಗೆಂದೇ ಬೇರೆ ಸೋಸುಕವನ್ನು ತಂದು, ಅದರ ತುದಿಗೆ ಉಳಿದ ಲವಣವನ್ನೂ ಹಿಡಿಯುವ ರಾಳದ ಕೊಳವೆಯನ್ನು ಜೋಡಿಸಿದೆ.

ಕೂಳಿನ ಇನ್ನೊಂದು ದಾರಿ ನಮ್ಮ ಅತ್ತೆಯವರು. ಕುರುಗೋಡಿನಿಂದ ಬಂದು ಮೂರು ತಿಂಗಳು ನಮ್ಮಲ್ಲಿದ್ದ ಅವರಿಗೆ, ಮೀನು ಗಾಜಿನ ಬಳಿ ಬಂದು ಬಾಯಿ ತೆರೆದರೆ ಸಾಕು, ಹಸಿದಿದೆಯೆಂದು ಅರ್ಥ. ದಿನಕ್ಕೆ ನಾಲ್ಕು ಬಾರಿ ಚಿಟಿಕೆ ಚಿಟಿಕೆ ಹಾಕುತ್ತಿದ್ದರು. “ಬಾಯಿ ತೆರೆದವಕ್ಕ ಇಲ್ಲ ಅನಬಾರದಪ್ಪ” ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಂಟು ವರ್ಷದ ನನ್ನ ಮಗಳು, ಅಜ್ಜಿಯ ಊರಿನ ಏಕಶಿಲೆಯ ಭಾರಿ ನಂದಿಯನ್ನು ನೋಡಿಬಂದವಳು, ತೊಟ್ಟಿಯ ಅತಿ ದೊಡ್ಡ ಬಸವನಹುಳುವಿಗೆ ‘ದೊಡ್ಡಬಸವ’ ಎಂದು ಹೆಸರಿಟ್ಟಿದ್ದಳು. ಅಜ್ಜಿ ಮೊದಲು ಗದರಿದರು, ಆಮೇಲೆ ತಾವೂ ಹಾಗೆಯೇ ಕರೆಯತೊಡಗಿದರು. ಈ ಜಾತಿಯ ಹುಳು ಅಂಗಾತ ಬಿದ್ದರೆ ಮರಳಿನ ಮೇಲೆ ತಾನಾಗಿ ಏಳುವುದು ಕಷ್ಟ. ಮಗಳು ಶಾಲೆಗೆ ಹೊರಡುವ ಮುನ್ನ ಅದನ್ನು ನೆಟ್ಟಗೆ ಮಾಡಿಯೇ ಹೋಗುತ್ತಿದ್ದಳು. ಗಿಡ್ಡ ಪಾಚಿಯನ್ನು ಹಗಲಿರುಳು ಮೇಯುತ್ತಿದ್ದ ಆ ಜೀವ ನನ್ನ ಬ್ರಷ್ಷಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

ಕೂಳಿನ ಮೂಲ ತಿಳಿದ ಮೇಲೆ ನನಗೆ ಆವೇಶ ಬಂತು. ಮೀನಿನ ಊಟವನ್ನು ಎರಡು ದಿನಕ್ಕೊಮ್ಮೆಗೆ ಇಳಿಸಿದೆ. ನೊರೆಯಲ್ಲಿ ಕಲ್ಮಷವನ್ನು ತೆಗೆಯುವ ಯಂತ್ರವನ್ನು ಇಡೀ ದಿನ ಓಡಿಸಿದೆ. ಬೆಲ್ಲದ ಪಾಕದ ಮೇಲೆ ಬರುವ ಮಡ್ಡಿಯನ್ನು ಗಾಣದ ಮನೆಯಲ್ಲಿ ತೆಗೆಯುತ್ತಾರಲ್ಲ, ಅದೇ ತತ್ತ್ವ. ಫಾಸ್ಫೇಟನ್ನು ಹೀರುವ ತುಕ್ಕಿನ ಕಾಳುಗಳನ್ನು ತರಿಸಿದೆ. ಅವು ಕಬ್ಬಿಣದ ಆಕ್ಸೈಡಿನ ಜಾತಿಯವು. ಅದಿರಿನ ಜಿಲ್ಲೆಯಲ್ಲಿ ಹುಟ್ಟಿ ತುಕ್ಕನ್ನು ದುಡ್ಡು ಕೊಟ್ಟು ಕೊಂಡವನು ನಾನೊಬ್ಬನೇ ಇರಬೇಕು. ಪಕ್ಕದಲ್ಲಿ ಒಂದು ಪುಟ್ಟ ತೊಟ್ಟಿಯನ್ನಿಟ್ಟು, ದೀಪ ಹಾಕಿ, ಅದರಲ್ಲಿ ಬೇಕೆಂದೇ ಒಂದು ಪಾಚಿಯನ್ನು ಬೆಳೆಸಿದೆ. ಕೀಟೊಮಾರ್ಫ ಎಂಬ ಇದು ತೆಂಗಿನ ನಾರಿನ ಉಂಡೆಯಂತೆ ಬೆಳೆದು ನೈಟ್ರೇಟನ್ನು ಉಣ್ಣುತ್ತದೆ. ಹಿಡಿ ಹಿಡಿಯಾಗಿ ಕಿತ್ತು ತೆಗೆದರೆ ಉಂಡದ್ದೂ ಅದರೊಡನೆ ಹೊರಗೆ ಹೋಗುತ್ತದೆ.

ಇದೇ ಕೆಲಸಕ್ಕೆ ಕಾಲರ್ಪ ಎಂಬ ಚೆಲುವಾದ ಪಾಚಿಯನ್ನೂ ಬಳಸುವುದುಂಟು. ಅದರ ಚರಿತ್ರೆಯನ್ನು ಓದಿದ ಮೇಲೆ ನನಗೆ ಧೈರ್ಯ ಬರಲಿಲ್ಲ. ೧೯೮೪ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಅದರ ಒಂದು ಸಣ್ಣ ತುಂಡುನೆಲ ಕಂಡಿತು. ಅಕ್ವೇರಿಯಂಗಳಲ್ಲಿ ಸಾಕಿದ ಆ ತಳಿ ಮುಂದೆ ಮೆಡಿಟರೇನಿಯನ್ನಿನ ತಳದಲ್ಲಿ ಊರಿಂದೂರಿಗೆ ಹಬ್ಬಿತು. ೨೦೦೦ದಲ್ಲಿ ಕ್ಯಾಲಿಫೋರ್ನಿಯದ ಒಂದು ಹಿನ್ನೀರಿನಲ್ಲಿ ಕಂಡಾಗ ಅಲ್ಲಿಯವರು ತಡಮಾಡದೆ ತಾಡಪತ್ರಿ ಹೊದಿಸಿ, ಅಡಿಗೆ ಕ್ಲೋರಿನ್ ಹಾಯಿಸಿ ಕೊಂದರು. ಪೂರ್ತಿ ಹೋಯಿತೆಂದು ಸಾರಲು ೨೦೦೬ ಬರಬೇಕಾಯಿತು. ಕರಾವಳಿಯ ವಾಚಕರು ತೊಟ್ಟಿಯ ಪಾಚಿಯನ್ನು ಬಿಸಾಡುವಾಗ ಇದನ್ನು ನೆನೆಯಬೇಕು. ಒಣಗಿಸಿ ಕಸಕ್ಕೆ ಹಾಕಿ, ನೀರಿಗೆ ಬೇಡ.

ಎರಡು ತಿಂಗಳಲ್ಲಿ ಹಸುರು ಕೂದಲು ಮಾಯವಾಯಿತು. ಪರೀಕ್ಷೆಯ ಶೀಶೆಯಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಮನೆಯಲ್ಲಿ ಹೋಳಿಗೆ ಮಾಡಿಸಿದೆ.

ಹೋಳಿಗೆ ಅರಗುವ ಮುನ್ನವೇ ಕಂದುಬಣ್ಣದ ಏನೋ ಒಂದು ಮರಳಿನ ಮೇಲೆ ಹರಡಿತು. ಡಯಾಟಂ ಮರಳಿ ಬಂತೆಂದುಕೊಂಡು ಸುಮ್ಮನಿದ್ದೆ. ಆದರೆ ಇದು ಧೂಳಿನಂತಿರಲಿಲ್ಲ. ನೆಗಡಿಯ ಸಿಂಬಳದಂತೆ ಎಳೆಎಳೆಯಾಗಿ ತೂಗುತ್ತಿತ್ತು. ಎಳೆಯ ತುದಿತುದಿಗೆ ಗಾಳಿಯ ಗುಳ್ಳೆ. ರಾತ್ರಿ ದೀಪವಾರಿಸಿದರೆ ಬಹುಪಾಲು ಕಾಣೆಯಾಗಿ, ಮರುದಿನ ಮಧ್ಯಾಹ್ನಕ್ಕೆ ಮೊದಲಿಗಿಂತ ದಟ್ಟ. ನಾನು ಇನ್ನೂ ಕಟ್ಟುನಿಟ್ಟಾದೆ. ಊಟವನ್ನು ಮತ್ತಷ್ಟು ಇಳಿಸಿದೆ, ನೀರನ್ನು ಮತ್ತೆ ಮತ್ತೆ ಬದಲಿಸಿದೆ. ಬದಲಿಸಿದಷ್ಟೂ ಅದು ಹೆಚ್ಚಿತು. ಕೊನೆಗೆ ದೂರದ ಪಟ್ಟಣವೊಂದರ ಅಂಗಡಿಯವರಿಗೆ ಮಸುಕಾದ ಒಂದು ಛಾಯಾಚಿತ್ರವನ್ನು ಕಳಿಸಿದೆ. ಅವರು ಒಂದು ಪುಡಿಯನ್ನು ಕಳಿಸಿದರು. ಬುಧವಾರ ಹಾಕಿದೆ. ಭಾನುವಾರ ಬೆಳಿಗ್ಗೆ ಮಗಳು ದೊಡ್ಡಬಸವನನ್ನು ನೆಟ್ಟಗೆ ಮಾಡಲು ಹೋದರೆ ಅದು ಚಿಪ್ಪಿನಿಂದ ಹೊರಕ್ಕೆ ಜೋತುಬಿದ್ದಿತ್ತು. ಅಂದು ಸಂಜೆಯೊಳಗೆ ಉಳಿದ ನಾಲ್ಕೂ ಸತ್ತವು.

ಮಗಳು ಅಳಲಿಲ್ಲ. “ಅಪ್ಪಾ, ನೀನು ಏನು ಹಾಕಿದೆ?” ಎಂದು ಮಾತ್ರ ಕೇಳಿದಳು. ಏನು ಹಾಕಿದೆನೆಂದು ನನಗೆ ಗೊತ್ತಿರಲಿಲ್ಲ. ಯಾವುದರ ಮೇಲೆ ಹಾಕಿದೆನೆಂಬುದೂ ಗೊತ್ತಿರಲಿಲ್ಲ.

ಸೋಮವಾರ ಆ ಲೋಳೆಯನ್ನು ಒಂದು ಶೀಶೆಯಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ಸಸ್ಯಶಾಸ್ತ್ರದ ಸಹೋದ್ಯೋಗಿನಿಯೊಬ್ಬರು ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, “ಸಾರ್, ನೀವೇ ನೋಡಿ” ಎಂದರು. ಎಳ್ಳುಕಾಳಿನ ಆಕಾರದ ನೂರಾರು ಜೀವಿಗಳು ಒಂದೊಂದೂ ತನ್ನ ಮೊನೆಯನ್ನೇ ಗೂಟವಾಗಿ ಮಾಡಿಕೊಂಡು, ಕಣದಲ್ಲಿ ಎತ್ತು ಸುತ್ತಿದಂತೆ ಸುತ್ತುತ್ತಿದ್ದವು. ಡಯಾಟಂ ಆಗಿದ್ದರೆ ಗಾಜಿನ ಚಿಪ್ಪುಗಳು ಮೆಲ್ಲನೆ ಜಾರುತ್ತಿದ್ದವಂತೆ. ಸಯನೋಬ್ಯಾಕ್ಟೀರಿಯ ಆಗಿದ್ದರೆ ನೂಲಿನ ಎಳೆಗಳು ಕಾಣುತ್ತಿದ್ದವಂತೆ. ಇವು ಡೈನೋಫ್ಲ್ಯಾಜೆಲೇಟುಗಳು, ಅವುಗಳಲ್ಲಿಯೂ ಆಸ್ಟ್ರಿಯಾಪ್ಸಿಸ್ ಎಂಬ ವಿಷದ ಕುಲದವು. ೨೦೦೫ರ ಬೇಸಗೆಯಲ್ಲಿ ಇಟಲಿಯ ಜಿನೋವಾ ತೀರದಲ್ಲಿ ಇದೇ ಕುಲ ಉಕ್ಕಿದಾಗ, ಕಡಲಗಾಳಿಯನ್ನು ಉಸಿರಾಡಿದ್ದಕ್ಕೇ ಸುಮಾರು ೨೦೦ ಮಂದಿ ವೈದ್ಯರ ಬಳಿಗೆ ಹೋಗಬೇಕಾಯಿತು. ಬಂಡೆಯ ಮೇಲೆ ಇದನ್ನು ಮೇಯ್ದ ಬಸವನಹುಳು ಬದುಕುವುದುಂಟೆ?

ನಾನು ಹಾಕಿದ ಪುಡಿ ಸಯನೋಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧ. ಡೈನೋ ಬ್ಯಾಕ್ಟೀರಿಯವಲ್ಲವಾದ್ದರಿಂದ ಅದಕ್ಕೆ ಏನೂ ಆಗಲಿಲ್ಲ. ಅದಕ್ಕೆ ಎದುರಾಳಿಯಾಗಿದ್ದ ಬಡಪಾಯಿ ಬ್ಯಾಕ್ಟೀರಿಯಗಳು ಸತ್ತವು. ಅದಕ್ಕಿಂತ ದೊಡ್ಡ ತಪ್ಪು ನನ್ನ ಹೋಳಿಗೆಯ ಸೊನ್ನೆ. ನೈಟ್ರೇಟ್, ಫಾಸ್ಫೇಟ್ ಎರಡೂ ಬರಿದಾದ ನೀರಿನಲ್ಲಿ ಹಸುರು ಪಾಚಿ, ಒಳ್ಳೆಯ ಬ್ಯಾಕ್ಟೀರಿಯ ಎಲ್ಲವೂ ಸೊರಗಿ ಜಾಗ ತೆರವಾಗುತ್ತದೆ. ಅಂಥ ಪಾಳುಬಿದ್ದ ಜಾಗಕ್ಕೆ ನುಗ್ಗುವುದೇ ಇವುಗಳ ಸ್ವಭಾವ. ಕೂದಲು ಪಾಚಿಗೆ ಉಪವಾಸ ಮದ್ದು, ಡೈನೋವಿಗೆ ಉಪವಾಸವೇ ಹಬ್ಬ.

ಸೂಕ್ಷ್ಮದರ್ಶಕ ಸಿಕ್ಕದವರಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆಯುಂಟು. ಲೋಳೆಯನ್ನು ತೊಟ್ಟಿಯ ನೀರಿನೊಡನೆ ಶೀಶೆಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಬೇಕು. ತಿಳಿಯಾಗಿದ್ದ ನೀರಿನಲ್ಲಿ ಕಂದು ಎಳೆಗಳು ಮತ್ತೆ ಕೂಡಿಕೊಂಡರೆ ಡೈನೋ ಎಂದೇ ಬಗೆಯಬೇಕು. ಕೈಗೆ ಗಾಯವಿದ್ದರೆ ಮುಟ್ಟಬಾರದು.

ಚಿಕಿತ್ಸೆ ತಲೆಕೆಳಗಾಯಿತು. ತುಕ್ಕಿನ ಕಾಳುಗಳನ್ನು ತೆಗೆದೆ, ನೀರು ಬದಲಿಸುವುದನ್ನು ನಿಲ್ಲಿಸಿದೆ. ಅತ್ತೆಯವರಿಗೆ ಕುರುಗೋಡಿಗೆ ದೂರವಾಣಿ ಮಾಡಿ, ಇನ್ನು ಮೀನಿಗೆ ದಿನಕ್ಕೆರಡು ಊಟವೆಂದು ತಿಳಿಸಿದೆ. ತೊಟ್ಟಿಗೆ ಮೂರು ದಿನ ಕರಿಕಂಬಳಿ ಹೊದಿಸಿ ಕತ್ತಲು ಮಾಡಿದೆ. ಈ ಕುಲದವು ರಾತ್ರಿ ಮರಳನ್ನು ಬಿಟ್ಟು ನೀರಿಗೆ ಏಳುತ್ತವಾದ್ದರಿಂದ, ಆ ನೀರನ್ನು ಅತಿನೇರಳೆ ದೀಪದ ಕೊಳವೆಯ ಮೂಲಕ ಹಾಯಿಸಿದೆ. ಮರಳಿನಲ್ಲೇ ಉಳಿಯುವ ಬೇರೆ ಡೈನೋಗಳೂ ಇವೆ. ಅವಕ್ಕೆ ಈ ದೀಪ ಅಷ್ಟಾಗಿ ನಾಟದು. ಹೆಸರು ತಿಳಿದುಕೊಳ್ಳುವುದು ಇದಕ್ಕಾಗಿಯೇ. ಕಡೆಯದಾಗಿ, ಶುದ್ಧ ನೈಟ್ರೇಟಿನ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಲೀಟರಿಗೆ ಐದು ಮಿಲಿಗ್ರಾಮಿಗೆ ಏರಿಸಿದೆ.

“ಗೊಬ್ಬರ ಹಾಕಾಕತ್ತೀಯೇನೋ ಈಗ?” ಎಂದು ಮಾವ ದೂರವಾಣಿಯಲ್ಲಿ ಬಹಳ ಹೊತ್ತು ನಕ್ಕರು.

ಒಂದೂವರೆ ತಿಂಗಳಾಯಿತು. ಕ್ಲೌನ್ ಮೀನುಗಳಲ್ಲಿ ಚಿಕ್ಕದು ಎರಡನೆಯ ವಾರದಲ್ಲಿ ಮೇವು ಬಿಟ್ಟಿತು, ಉಳಿಯಲಿಲ್ಲ. ದೊಡ್ಡದು ಉಳಿಯಿತು. ಶ್ರಾವಣದ ಒಂದು ಬೆಳಿಗ್ಗೆ ಗಾಜಿನ ಮೇಲೆ ತೆಳುವಾದ ಹಸುರು ಪೊರೆ ಕಂಡಾಗ, ಹಿಂದೆ ಅದನ್ನು ಶಪಿಸುತ್ತಿದ್ದವನು ನಾನೇ ಏನು ಎನ್ನುವಷ್ಟು ಹಿಗ್ಗಿದೆ. ಮಗಳ ಒಪ್ಪಿಗೆ ಕೇಳಿ ಎರಡು ಹೊಸ ಬಸವನಹುಳುಗಳನ್ನು ತರಿಸಿದೆ. ಅವಳು ಅವಕ್ಕೆ ಹೆಸರಿಡಲಿಲ್ಲ.

ಇನ್ನು ಎರಡು ಮಾತು ಉಳಿದಿವೆ. ಮರಳಿನ ಮೇಲೆ ಕೆಂಪು ಅಥವಾ ಕಡುನೇರಳೆಯ ಲೋಳೆ ಕಂಬಳಿಯಂತೆ ಹೊದ್ದು, ಹಾಳೆಯಂತೆ ಕಿತ್ತುಬರುತ್ತಿದ್ದರೆ ಅದು ಸಯನೋಬ್ಯಾಕ್ಟೀರಿಯ. ನೀರಿನ ಹರಿವು ಸತ್ತ ಮೂಲೆಗಳೆಂದರೆ ಅದಕ್ಕೆ ಪ್ರೀತಿ. ಅದನ್ನು ಕೊಳವೆಯಿಂದ ಹೀರಿ ತೆಗೆದು, ಆ ಮೂಲೆಗೆ ಅಲೆ ತಾಗುವಂತೆ ಮಾಡಿದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಔಷಧ ಕಡೆಯ ಉಪಾಯ. ಇದನ್ನು ಹೀನವಾಗಿ ಕಾಣಬೇಡಿ. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಈ ಭೂಮಿಯ ಗಾಳಿಗೆ ಆಮ್ಲಜನಕವನ್ನು ತುಂಬಿದ್ದು ಇದರ ಪೂರ್ವಜರು. ಇದರ ನೆಂಟರು ನೆಲದ ನೀರಿನಲ್ಲಿದ್ದು ಭತ್ತದ ಗದ್ದೆಗೆ ಸಾರಜನಕವನ್ನು ಹಿಡಿದುಕೊಡುತ್ತಾರೆಂದು ಪಿ. ಕೆ. ದೇ ಎಂಬ ಭಾರತೀಯ ವಿಜ್ಞಾನಿ ೧೯೩೯ರಷ್ಟು ಹಿಂದೆಯೇ ತೋರಿಸಿದರು. ಸಿರುಗುಪ್ಪದ ಗದ್ದೆಯಲ್ಲಿ ಉಪಕಾರಿ, ಬಳ್ಳಾರಿಯ ತೊಟ್ಟಿಯಲ್ಲಿ ಪೀಡೆ. ಎರಡನೆಯದು ಗಾಜಿನ ಗೋಲಿಯಂತೆ ಹೊಳೆಯುವ ಹಸುರು ಗುಳ್ಳೆಪಾಚಿ, ವಲೋನಿಯ. ಅಷ್ಟು ದಪ್ಪ ಗೋಲಿ ಒಂದೇ ಜೀವಕೋಶವೆಂದರೆ ನಂಬುವುದು ಕಷ್ಟ. ಅದನ್ನು ಬೆರಳಿನಿಂದ ಒಡೆಯುವ ಆಸೆ ಯಾರಿಗೂ ಆಗುತ್ತದೆ. ಒಡೆಯದೆ ಬುಡದಿಂದ ಎಬ್ಬಿಸಿ ತೆಗೆಯುವುದು ಲೇಸು.

ಈಗ ತಿಂಗಳಿಗೊಮ್ಮೆ ಪಕ್ಕದ ಪುಟ್ಟ ತೊಟ್ಟಿಯಿಂದ ಒಂದು ಹಿಡಿ ಕೀಟೊಮಾರ್ಫವನ್ನು ಕಿತ್ತು ತೆಗೆಯುತ್ತೇವೆ. ಮಗಳು ಅದನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಪಂಚಾಂಗದಲ್ಲಿ ಬರೆದಿಡುತ್ತಾಳೆ. ಈ ಸಲ ೯೦ ಗ್ರಾಂ. ಅದೇ ದಿನ ಬಂದಿದ್ದ ಮಾವ ಆ ಹಸುರು ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ಹಿಂಡಿ, ಮೂಸಿ ನೋಡಿದರು.

“ಇದನ್ನ ಹೊಲಕ್ಕ ಹಾಕಬಹುದೇನೋ?”

“ಉಪ್ಪು ಇರುತ್ತದೆ ಮಾವ, ಚೆನ್ನಾಗಿ ತೊಳೆಯಬೇಕಾದೀತು.”

“ಹಂಗಾರ ಬ್ಯಾಡ ಬಿಡಪ್ಪ” ಎಂದು ಅದನ್ನು ನನ್ನ ಕೈಗೆ ಮರಳಿಸಿದರು. “ಅದಕ್ಕ ನಮ್ಮಲ್ಲಿ ಏನೂ ಕಡಿಮಿಲ್ಲ.”